ಖರೇ ಸುದ್ದಿ

ಹೋದ ವಾರ ನಮ್ಮ ಅತ್ತೆಯವರು ಮೊಣಕಾಲು ನೋವಿಗೆಂದು ಹುಣಸೆಬೀಜ ಹುರಿಯಲು ಕೂತರು. ಯಾರೋ ಮೊಬೈಲಿಗೆ ಕಳಿಸಿದ ಔಷಧಿ ಅದು. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಹಾಲಿನಲ್ಲಿ ಕುಡಿದರೆ ಎಂಬತ್ತರ ಮುದುಕಿಯೂ ಗುಡ್ಡ ಹತ್ತುತ್ತಾಳಂತೆ. ನಾನು ಹುಕ್ಕೇರಿಯ ಈ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಹಂಚಿನ ಮೇಲೆ ಬೀಜ ಚಟಚಟ ಸಿಡಿಯುವ ಸದ್ದು ಮೊದಲು ಬಂತು, ಆಮೇಲೆ ವಾಸನೆ. ಪುಟಾಣಿ ಕಡಲೆ ಹುರಿದ ಹಾಗೆ ಶುರುವಾಗಿ ಕೊನೆಗೆ ಸುಟ್ಟ ಕಟ್ಟಿಗೆಯ ಕಡೆ ಹೊರಳುವ ವಾಸನೆ ಅದು. ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಯಾಕ ನಿಂತೀ? ಹೊತ್ತಾಕತ್ತಾವೇನ?" ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

"ಇಲ್ರಿ ಅತ್ತಿ, ಇನ್ನೊಂಚೂರು ಹುರೀರಿ. ಸಿಪ್ಪಿ ಸಡ್ಲ ಆಗಬೇಕು" ಎಂದೆ. ಹುಣಸೆಬೀಜದ ವಿಷಯದಲ್ಲಿ ಇಷ್ಟು ಖಡಾಖಡಿ ಮಾತಾಡಲು ನನಗೆ ಕಲಿಸಿದವಳು ಅತ್ತೆಯೂ ಅಲ್ಲ, ಹಡೆದವ್ವನೂ ಅಲ್ಲ. ಗೋಕಾಕಿನ ಆಯಿ. ಆಕೆ ಗಟ್ಟಿಮುಟ್ಟಾಗಿ ಬದುಕಿದ್ದಾಗಲೇ ನಾನು ಆಕೆಯನ್ನು ಒಂದು ಸಲ ಸಾಯಿಸಿದ್ದೆ.

ಆಕೆಯ ಹೆಸರು ಬರೆಯುವುದಿಲ್ಲ. ಅದನ್ನು ಬರೆಯಬೇಕಾಗಿದ್ದ ಜಾಗ ಬೇರೆ ಇತ್ತು, ಅಲ್ಲಿ ಬರೆಯಲಿಲ್ಲ. ಈಗ ಇಲ್ಲಿ ಬರೆದು ದೊಡ್ಡವಳಾಗುವುದು ಬೇಡ. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಕೊಲ್ಹಾಪುರದ ಕಡೆ ಹೊರಳಿದರೆ ಅದೇ ಮಾತಿಗೆ ತಾಯಿ ಎಂದು ಅರ್ಥ. ಗೋಕಾಕಿನ ಆ ಓಣಿಯಲ್ಲಿ ಸಣ್ಣವರು ದೊಡ್ಡವರು ಎಲ್ಲರಿಗೂ ಆಕೆ ಆಯಿಯೇ ಆಗಿದ್ದಳು, ನನಗೂ ಆದಳು.

ಆಗ ನಾನು ಮೂಡಲಗಿಯ ಒಂದು ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಈಗಲೂ ಅದೇ ಕೆಲಸ. ಎಂಟನೆಯ ಇಯತ್ತೆಯ ಮಕ್ಕಳಿಗೆ ಹಣ್ಣಿನ ಬುಟ್ಟಿ ನೋಡಿ ಬರೆಯಲು ಹೇಳಿದರೆ, ಚಿತ್ರ ಮುಗಿಯುವುದರೊಳಗೆ ಬುಟ್ಟಿ ಮುಗಿದಿರುತ್ತಿತ್ತು. ಎರಡು ಸಲ ಬಾಳೆಹಣ್ಣು ತಂದು ಸೋತ ಮೇಲೆ, ತಿನ್ನಲು ಬಾರದ ಹಣ್ಣು ಎಲ್ಲಿ ಸಿಗುತ್ತವೆ ಎಂದು ಹುಡುಕಿಕೊಂಡು ಗೋಕಾಕಿಗೆ ಹೋದೆ. ಗೋಕಾಕ ಅಂದರೆ ಜನಕ್ಕೆ ಕರದಂಟು ನೆನಪಾಗುತ್ತದೆ, ಜಲಪಾತ ನೆನಪಾಗುತ್ತದೆ. ಅಲ್ಲಿ ಕಾಗದದ ಮುದ್ದೆಯಿಂದ ಮಾಡುವ ಬಣ್ಣದ ಹಣ್ಣು, ಕಾಯಿಪಲ್ಲೆ ನೆನಪಿರುವವರು ಈಗ ಕಡಿಮೆ. ಕೆಳಗೆ ಮಗನ ಹಿಟ್ಟಿನ ಗಿರಣಿ, ಮೇಲೆ ಅಟ್ಟದಲ್ಲಿ ಆಯಿಯ ಕೆಲಸ. ಗಿರಣಿ ಓಡುವಾಗ ಅಟ್ಟದ ಹಲಗೆಯ ಮೇಲಿದ್ದ ಮಾವಿನಹಣ್ಣು, ಪೇರಲ, ಬದನೆಕಾಯಿ ಎಲ್ಲ ಸಣ್ಣಗೆ ಕುಣಿಯುತ್ತಿದ್ದವು.

"ಬರ್ರಿ ಅಕ್ಕೋರ, ಕುಂಡ್ರಿ" ಎಂದಳು ಮೊದಲ ದಿನ. ಸಾಲೆ ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ನನಗೂ ಈ ಕೆಲಸ ಕಲಿಸು ಎಂದು ಕೇಳಿದ್ದಕ್ಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಾಲೇಜು ಕಲಿತವರಿಗೆ ತಾನೇನು ಕಲಿಸಲಿ ಎಂದಳು. ಆದರೂ ಮುಂದಿನ ಶನಿವಾರ ಮುಂಜಾನೆ ಸಾಲೆ ಮುಗಿಸಿ ಬಸ್ಸು ಹಿಡಿದು ಮತ್ತೆ ಹೋದೆ, ಅದರ ಮುಂದಿನ ಶನಿವಾರವೂ ಹೋದೆ. ಮೂರು ತಿಂಗಳು ನನಗೆ ಕುಂಚ ಮುಟ್ಟಲು ಕೊಡಲಿಲ್ಲ. ಹುಣಸೆಬೀಜ ಹುರಿ, ಸಿಪ್ಪೆ ಬಿಡಿಸು, ನೆನೆಹಾಕು, ರುಬ್ಬು, ಕುದಿಸಿ ಅಂಟು ಮಾಡು. ರದ್ದಿ ಕಾಗದ ಹರಿದು ನೆನೆಸಿ ಒರಳಲ್ಲಿ ಕುಟ್ಟು. ಅಕ್ಕೋರ ಎನ್ನುವುದು ಎಂದು ಹೋಗಿ ಹುಡುಗಿ ಎನ್ನುವುದು ಎಂದು ಬಂತೋ ನೆನಪಿಲ್ಲ... ನಾನು ಒರಳು ತೊಳೆಯದೆ ಬಿಟ್ಟುಹೋಗಿದ್ದ ದಿನವೇ ಇರಬೇಕು.

ಆಯಿಯದು ಒಂದು ರೂಢಿ ಇತ್ತು. ಹಣ್ಣಿನ ಎರಡು ಹೋಳು ಅಂಟಿಸಿ, ಬಿಳಿಮಣ್ಣು ಬಳಿದು, ಉಜ್ಜಿ ಉಜ್ಜಿ ನುಣುಪು ಮಾಡಿದ ಮೇಲೆ ಅದನ್ನು ಗಲ್ಲಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಬೆರಳಿಗೆ ಹತ್ತದ ತರಿ ಗಲ್ಲಕ್ಕೆ ಹತ್ತುತ್ತದೆ ಎಂದು ಆಕೆಯ ನಂಬಿಕೆ. "ಕೈ ಸುಳ್ಳ ಹೇಳತೈತಿ ಹುಡುಗಿ, ಗಲ್ಲ ಹೇಳಂಗಿಲ್ಲ" ಎನ್ನುತ್ತಿದ್ದಳು. ಐದು ವರ್ಷ ನಾನು ಮಾಡಿದ ಒಂದೊಂದು ಮಾವಿನಹಣ್ಣನ್ನೂ ಗಲ್ಲಕ್ಕೆ ಹಚ್ಚಿ ನೋಡಿದಳು, ಬಹಳಷ್ಟನ್ನು ತಿರುಗಿ ನನ್ನ ಉಡಿಗೆ ಹಾಕಿದಳು.

ನನ್ನ ಜೊತೆ ಚಿತ್ರಕಲಾ ಶಾಲೆಯಲ್ಲಿ ಕಲಿತ ಗೆಳತಿಯೊಬ್ಬಳು ಆಗಲೇ ಎರಡು ಮೂರು ದೇಶ ತಿರುಗಿ ಬಂದಿದ್ದಳು. ಹೊರದೇಶಗಳಲ್ಲಿ ಕಲಾವಿದರನ್ನು ಕೆಲವು ತಿಂಗಳು ಕರೆಸಿಕೊಂಡು, ಇರಲು ಕೋಣೆ, ಕೆಲಸಕ್ಕೆ ಜಾಗ ಕೊಡುವ ಪದ್ಧತಿ ಇದೆ. ರೆಸಿಡೆನ್ಸಿ ಅನ್ನುತ್ತಾರೆ. ನಾರ್ವೆಯಲ್ಲಿ ಅಂಥದೊಂದಿದೆ, ಈ ವರ್ಷ ಅವರಿಗೆ ನಿಂತುಹೋಗುತ್ತಿರುವ ಕೈಕೆಲಸ ಬೇಕಂತೆ, ಅರ್ಜಿ ಹಾಕು ಎಂದು ಅವಳೇ ಬೆನ್ನು ಹತ್ತಿದಳು. ಜೊತೆಗೆ ಒಂದು ಬುದ್ಧಿಮಾತೂ ಹೇಳಿದಳು. ಬದುಕಿರುವ ಕಲೆಗಿಂತ ಸಾಯುವ ಕಲೆಗೆ ಅವರು ಬೇಗ ಬಾಗಿಲು ತೆಗೆಯುತ್ತಾರೆ, ತಿಳಿದುಕೊಂಡು ಬರೆ ಎಂದಳು. ಅವಳು ಚೇಷ್ಟೆಗೆ ಹೇಳಿದ್ದು. ನಾನು ಅದನ್ನು ಗಂಟು ಕಟ್ಟಿಕೊಂಡೆ.

ಅರ್ಜಿಯಲ್ಲಿ ಸುಳ್ಳೇನೂ ಬರೆಯಲಿಲ್ಲ. ನಮ್ಮ ಆಯಿಯಿಂದ ಕಲಿತೆ ಎಂದು ಬರೆದಿದ್ದೆ, ಅಷ್ಟೇ. ಸಂದರ್ಶನ ಕಂಪ್ಯೂಟರಿನಲ್ಲಿ ಇತ್ತು. ಸಾಲೆಯ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಪರದೆಯ ಮೇಲೆ ಇಬ್ಬರು ಹೆಂಗಸರು, ಒಬ್ಬ ಗಂಡಸು. ಆಯಿ ಅಂದರೇನು ಎಂದು ಕೇಳಿದರು. ಅಜ್ಜಿ ಎಂದೆ. ಅವರಲ್ಲಿ ಹಿರಿಯಳಾದವಳು, ಆಮೇಲೆ ಅಲ್ಲಿ ನಮ್ಮನ್ನೆಲ್ಲ ನೋಡಿಕೊಂಡವಳು ಆಕೆಯೇ, ಅಕ್ಕರೆಯಿಂದ ಮತ್ತೊಂದು ಪ್ರಶ್ನೆ ಕೇಳಿದಳು. ಅಜ್ಜಿ ಇನ್ನೂ ಕೆಲಸ ಮಾಡುತ್ತಾರೆಯೇ?

ಹೌದು ಎಂದರೆ ಮುಂದಿನ ಪ್ರಶ್ನೆ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಹಾಗಾದರೆ ಅವರನ್ನೇ ಯಾಕೆ ಕರೆಸಬಾರದು? ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. "ಇಲ್ಲ, ಅವರು ತೀರಿಹೋದರು" ಎಂದೆ. ಆ ಹೆಂಗಸು ಥಟ್ಟನೆ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆ ಕೈ ಎದೆಗೆ ಹೋದದ್ದನ್ನು ನೋಡಿ, ನನ್ನ ಕೆಲಸ ಆಯಿತು ಅಂದುಕೊಂಡೆ. ಇದನ್ನು ಮುಚ್ಚಿಡುವುದಿಲ್ಲ, ನನಗೆ ಖುಷಿಯೇ ಆಗಿತ್ತು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ನನ್ನ ಸ್ವಂತ ಆಯಿ, ಘೋಡಗೇರಿಯಾಕೆ, ತೀರಿಹೋಗಿ ಹನ್ನೆರಡು ವರ್ಷವಾಗಿತ್ತಲ್ಲ? ಅಜ್ಜಿ ತೀರಿಹೋದಳು ಅಂದದ್ದು ಖರೆಯೇ ಆಯಿತಲ್ಲ? ಪಾಪ, ಆಕೆ ಹೊಲ ಬಿಟ್ಟರೆ ಮನೆ, ಮನೆ ಬಿಟ್ಟರೆ ಹೊಲ ಅಂದವಳು. ಜೀವಮಾನದಲ್ಲಿ ಹಿಡಿದ ಕುಂಚ ಅಂದರೆ ಗೋಡೆಗೆ ಸುಣ್ಣ ಬಳಿಯುವ ಕುಂಚ ಒಂದೇ. ಗೋಕಾಕಿನ ಆಯಿಯ ಕೈಗೆ ಘೋಡಗೇರಿಯ ಆಯಿಯ ಸಾವು ತಂದು ಅಂಟಿಸಿದೆ. ಎರಡು ಹೋಳು ಗೊತ್ತಾಗದ ಹಾಗೆ ಅಂಟಿಸುವುದನ್ನು ಐದು ವರ್ಷ ಕಲಿತಿದ್ದೆನಲ್ಲ.

ಆಯ್ಕೆಯಾಯಿತು. ಆಯಿಗೆ ಹೇಳಿದಾಗ ಆಕೆ ಕುಣಿಯುವುದೊಂದು ಬಾಕಿ. ಎರಡು ದಿನ ಕೂತು ತಾನೇ ಬೀಜ ಹುರಿದು, ಮಗನ ಗಿರಣಿಯಲ್ಲಿ ಬೀಸಿಸಿ, ತನ್ನ ಹಳೆಯ ಪತಲ ಸೀರೆ ಹರಿದು ಚೀಲ ಹೊಲಿದು ಪುಡಿ ತುಂಬಿ ಕೊಟ್ಟಳು. ಆ ದೇಶದಲ್ಲಿ ಹುಣಸೆಮರ ಇರಲಿಕ್ಕಿಲ್ಲ ಎಂದು ಆಕೆಗೆ ಹೇಗೋ ಹೊಳೆದಿತ್ತು. ತನ್ನ ಅತ್ತೆಯ ಕಾಲದ ಮಾವಿನಹಣ್ಣಿನ ಅಚ್ಚನ್ನೂ ಕೊಟ್ಟಳು. ಹಣೆಗೆ ಭಂಡಾರ ಹಚ್ಚಿ, ಮುಖ ಸವರಿ ನೆಟಿಕೆ ಮುರಿದಳು. ವಿಮಾನ ನಿಲ್ದಾಣದಲ್ಲಿ ಆ ಕಂದು ಪುಡಿಯ ಚೀಲ ಬಿಚ್ಚಿ ಇದೇನು ಎಂದು ಕೇಳಿದವರಿಗೆ ಸಾರಿನ ಪುಡಿ ಎಂದು ಹೇಳಿ ಪಾರಾದೆ. ಸುಳ್ಳು ಆಗಲೇ ಬಾಯಿಗೆ ರೂಢಿಯಾಗಿತ್ತು.

ಅದು ಸಮುದ್ರದ ದಂಡೆಯ ಒಂದು ಸಣ್ಣ ಊರು. ಹಿಂದೆ ಮೀನು ಒಣಗಿಸಿ ಇಡುತ್ತಿದ್ದ ಕಟ್ಟಿಗೆಯ ದೊಡ್ಡ ಗೋದಾಮನ್ನು ಕಲಾವಿದರ ಕೆಲಸದ ಮನೆ ಮಾಡಿದ್ದರು. ಐದು ಜನ ಇದ್ದೆವು. ಗೋಡೆಯ ಹಲಗೆಗಳಿಂದ ಇನ್ನೂ ಮೀನಿನ ವಾಸನೆ ಬರುತ್ತಿತ್ತು. ನಾನು ಹುಟ್ಟಾ ಲಿಂಗಾಯತರವಳು, ಮೊದಲ ವಾರ ಮೂಗಿಗೆ ಸೆರಗು ಕಟ್ಟಿಕೊಂಡೇ ಕೂತೆ. ಹೋಗಿದ್ದು ಮಳೆಗಾಲದ ಕೊನೆಗೆ. ದಿನ ದಿನಕ್ಕೆ ಬೆಳಕು ಕುಗ್ಗುತ್ತಾ ಬಂತು, ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುವುದರೊಳಗೆ ಹೊತ್ತು ಮುಳುಗುತ್ತಿತ್ತು. ಅಂಟು ಒಣಗಲೇ ಇಲ್ಲ. ಕಾಗದದ ಹಣ್ಣುಗಳ ಮೈಮೇಲೆ ಬೂಸುರು ಬಂತು. ಒಂದು ಮುಂಜಾನೆ ನೋಡುತ್ತೇನೆ, ಹದಿನಾಲ್ಕು ಮಾವಿನಹಣ್ಣು ನಿಜವಾದ ಹಣ್ಣಿನಂತೆಯೇ ಕೊಳೆತು ಕೂತಿವೆ.

ಅಳು ಬಂತು. ಆಯಿಗೆ ಫೋನು ಹಚ್ಚಿದೆ. ಆಕೆಯ ಮಗ ಗಿರಣಿ ನಿಲ್ಲಿಸಿ, ಅಟ್ಟ ಹತ್ತಿ, ಮುಖ ಕಾಣುವ ಹಾಗೆ ಮೊಬೈಲು ಹಿಡಿದುಕೊಂಡು ನಿಂತ.

"ಒಲಿ ಬಾಜೂಕ ಇಟ್ಟು ಒಣಗಸ" ಎಂದಳು ಆಯಿ.

"ಇಲ್ಲಿ ಒಲಿ ಇಲ್ಲ ಬೇ."

"ಒಲಿ ಇಲ್ಲದ ಮನ್ಯಾಗ ಹೆಂಗರ ಇರ್ತಾರ? ತೋರಸ ನೋಡೂಣು."

ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಕಬ್ಬಿಣದ ಕೊಳವೆಗಳನ್ನು ತೋರಿಸಿದೆ. ಅದರ ಮೇಲೆ ಚಾಪೆ ಹಾಸಿ ಅದರ ಮೇಲೆ ಹಣ್ಣು ಇಡು, ಅಂಟಿಗೆ ಚೂರು ಬೇವಿನ ಎಲೆ, ಬೇವು ಇಲ್ಲದಿದ್ದರೆ ಲವಂಗ ಹಾಕಿ ಕುದಿಸು ಎಂದು ಹೇಳುತ್ತಿದ್ದಳು. ಅಷ್ಟರಲ್ಲಿ ನಮ್ಮನ್ನು ನೋಡಿಕೊಳ್ಳುವ ಆ ಹಿರಿಯ ಹೆಂಗಸು ಚಹಾ ಹಿಡಿದು ಒಳಗೆ ಬಂದಳು. ಪರದೆಯ ಮೇಲಿನ ಮುಖ ಕಂಡು ಕೈ ಬೀಸಿದಳು. ಆಯಿ ಅಂಟು ಮೆತ್ತಿದ ಎರಡೂ ಕೈ ಜೋಡಿಸಿದಳು. ಯಾರಿವರು ಎಂದು ಆ ಹೆಂಗಸು ಕೇಳಿದಳು. "ನಮ್ಮ ಊರಿನ ಕಡೆಯ ನೆರೆಯವರು" ಎಂದೆ ಇಂಗ್ಲಿಷಿನಲ್ಲಿ.

"ಏನಂದ್ರ ಅವರು?" ಎಂದು ಆಯಿ ಕೇಳಿದಳು.

"ಇವರ ನಿನ್ನ ಗುರುವೇನ ಅಂತ ಕೇಳಿದ್ರ ಬೇ" ಎಂದೆ. ಆಯಿ ನಾಚಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಒಂದೇ ಉಸಿರಿನಲ್ಲಿ ಇಬ್ಬರಿಗೂ ಸುಳ್ಳು ಹೇಳಿದ್ದೆ, ಇಬ್ಬರೂ ನಗುತ್ತಿದ್ದರು.

ಲವಂಗ ಕೆಲಸ ಮಾಡಿತು. ಕೊನೆಯ ವಾರದ ಪ್ರದರ್ಶನಕ್ಕೆ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಹಬ್ಬದ ಪಂಕ್ತಿಯಂತೆ ಹಣ್ಣು ಜೋಡಿಸಿದೆ. ಊರಿನವರೆಲ್ಲ ಬಂದರು. ಆ ಹಿರಿಯ ಹೆಂಗಸು ನನ್ನ ಬಗ್ಗೆ ನಾಲ್ಕು ಮಾತಾಡಿ, ಈ ಕಲೆಯನ್ನು ಮೊಮ್ಮಗಳಿಗೆ ಕೊಟ್ಟು ಹೋದ ಅಜ್ಜಿಗಾಗಿ ಒಂದು ನಿಮಿಷ ಮೌನವಾಗಿ ನಿಲ್ಲೋಣ ಎಂದಳು. ಎಲ್ಲರೂ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆ ಹೊತ್ತಿಗೆ ಗೋಕಾಕಿನಲ್ಲಿ ಸಂಜೆ ಐದಾಗಿರಬೇಕು. ಆಯಿ ಗಿರಣಿಯ ಕಟ್ಟೆಗೆ ಕೂತು ಚಹಾವನ್ನು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುವ ಹೊತ್ತು ಅದು. ಆ ಸುರ್ರೆನ್ನುವ ಸದ್ದು ನನ್ನ ಕಿವಿಗೆ ಕೇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ನನ್ನ ಭುಜ ಸವರಿದರು.

ಊರಿಗೆ ಬಂದ ನಾಲ್ಕು ತಿಂಗಳಿಗೆ ಅವರು ಅಚ್ಚು ಹಾಕಿಸಿದ ಪುಸ್ತಕ ಅಂಚೆಯಲ್ಲಿ ಬಂತು. ಅದರಲ್ಲಿ ಒಂದು ಪುಟದ ತುಂಬ ಆಯಿಯ ಚಿತ್ರ, ನಾನೇ ಎಂದೋ ತೆಗೆದದ್ದು. ಮಾವಿನಹಣ್ಣು ಗಲ್ಲಕ್ಕೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಾಳೆ. ಗೊತ್ತಿಲ್ಲದವರು ನೋಡಿದರೆ ಸತ್ತವರ ಚಿತ್ರ ಅನ್ನಬೇಕು, ಹಾಗಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಅದನ್ನು ಆಯಿಗೆ ತೋರಿಸದೆ ಇರಬಹುದಿತ್ತು. ಜಾಣರಾದವರು ಹಾಗೇ ಮಾಡುತ್ತಿದ್ದರು. ಆದರೆ ನನಗೆ ಆಕೆಯಿಂದ ಶಾಬಾಸ್ ಅನ್ನಿಸಿಕೊಳ್ಳುವ ಹಪಾಹಪಿ, ತಗೊಂಡು ಹೋಗಿ ಕೈಯಲ್ಲಿಟ್ಟೆ. ಏನು ಬರೆದಿದ್ದಾರೆ ಎಂದು ಕೇಳಿದಳು. ಗೋಕಾಕಿನ ಆಯಿ, ಇವರ ಕೈಯಿಂದಲೇ ನಾನು ಎಲ್ಲ ಕಲಿತೆ ಅಂತ ಬರೆದಿದೆ ಎಂದೆ. ಆಯಿ ಪುಸ್ತಕವನ್ನು ದೇವರ ಜಗಲಿಯ ಮೇಲೆ ಇಟ್ಟಳು. ಹಿಟ್ಟು ಬೀಸಿಸಲು ಬಂದವರನ್ನೆಲ್ಲ ಅಟ್ಟಕ್ಕೆ ಕರೆದು ತೋರಿಸಿದಳಂತೆ.

ಬಾಜೂ ಮನೆಗೆ ಆಗಷ್ಟೇ ಸಂಕೇಶ್ವರದಿಂದ ಸೊಸೆ ಬಂದಿದ್ದಳು, ಬಿ.ಎ. ಓದಿದವಳು. ಅದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಒಂದು ಶನಿವಾರ ನಾನು ಅಟ್ಟದ ಮೆಟ್ಟಿಲು ಹತ್ತಿ ಹೋದಾಗ ಮೇಲೆ ಓಣಿಯ ಐದಾರು ಹೆಂಗಸರು ಕೂತಿದ್ದರು. ಪುಸ್ತಕ ಆ ಸೊಸೆಯ ತೊಡೆಯ ಮೇಲಿತ್ತು.

"ಅಕ್ಕೋರ, ಆಯಿ ತೀರಿಹೋಗ್ಯಾರ, ಅವರ ನೆನಪಿಗೆ ಅಂತ ಬರದೈತೆಲ್ರಿ ಇದರಾಗ? ನಾ ತಪ್ಪ ಓದಾಕತ್ತೇನೇನ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಕುಹಕ ಇರಲಿಲ್ಲ. ತಾನೇ ತಪ್ಪು ಓದಿರಲಿ ಎನ್ನುವ ಆಸೆ ಇತ್ತು.

ಆಯಿ ಮೂಲೆಯಲ್ಲಿ ಕೂತು ಪೇರಲಹಣ್ಣಿಗೆ ಹಸಿರು ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಕುಂಚವನ್ನು ನೀರಿಗೆ ಅದ್ದಿದಳು, ಬಟ್ಟೆಗೆ ಒರೆಸಿದಳು. ಆಮೇಲೆ ಹೇಳಿದಳು.

"ಏನ್ ಹೌಹಾರಾಕತ್ತೀರಿ? ಅಕ್ಕೋರು ಹೋಗೂ ಮುಂದ ನನಗ ಕಾಗಿ ಬಡದಿತ್ತು. ದೂರದ ದೇಶಕ್ಕ ಹೊಂಟೀರಿ, ಅಲ್ಲೇ ನಾ ಸತ್ತೇನಿ ಅಂತ ಹೇಳಿಬಿಡ್ರಿ ಅಂತ ನಾನ ಅಂದಿದ್ದೆ. ಇಲ್ಲಿ ಯಾರಿಗರ ಹೇಳಿದ್ರ ನೀವು ಬಾಯಿ ಬಡ್ಕೊಂಡು ಗಿರಣಿ ಬಂದ್ ಮಾಡಸ್ತಿದ್ರಿ."

ನಮ್ಮ ಕಡೆ ಕಾಗೆ ತಲೆಗೆ ಬಡಿದರೆ ದೊಡ್ಡ ಅಪಶಕುನ, ಸಾವು ಬಂದು ಮುಟ್ಟಿಹೋಯಿತೆಂದೇ ತಿಳಿಯುತ್ತಾರೆ. ಅದನ್ನು ಕಳೆಯಲು ದೂರದ ಬೀಗರಿಗೆ, ಇಂಥವರು ತೀರಿಕೊಂಡರು ಎಂದು ಸುಳ್ಳು ಸುದ್ದಿ ಕಳಿಸುವುದುಂಟು. ಅವರು ಅತ್ತು, ತಲೆಗೆ ನೀರು ಹಾಕಿಕೊಂಡ ಮೇಲೆ, ಇಲ್ಲ, ಬದುಕಿದ್ದಾರೆ ಎಂದು ಖರೇ ಸುದ್ದಿ ಮುಟ್ಟಿಸುತ್ತಾರೆ. ಬರಬೇಕಾಗಿದ್ದ ಸಾವು ಆ ಅಳುವಿನಲ್ಲೇ ತೀರಿತು ಎಂದು ಸಮಾಧಾನ. ಹೆಂಗಸರು ಎಲ್ಲರೂ ಉಸಿರು ಬಿಟ್ಟು ನಕ್ಕರು. "ಭಾಳ ಶಾಣ್ಯಾಕಿ ಬಿಡ ಆಯಿ ನೀ, ಕಾಗಿಗೂ ವಿಮಾನ ಹತ್ತಸಿದಿ" ಎಂದಳು ಒಬ್ಬಳು. ಸಂಕೇಶ್ವರದ ಸೊಸೆ ನನ್ನ ಕಾಲಿಗೆ ಬಿದ್ದು, ತಪ್ಪಾತ್ರಿ ಎಂದು ಹೋದಳು.

ಆಕೆಗೆ ಯಾವ ಕಾಗೆಯೂ ಬಡಿದಿರಲಿಲ್ಲ.

ಎಲ್ಲರೂ ಇಳಿದು ಹೋದ ಮೇಲೆ ಕೆಳಗೆ ಗಿರಣಿ ಶುರುವಾಯಿತು. ಹಲಗೆಯ ಮೇಲಿನ ಹಣ್ಣುಗಳು ಕುಣಿಯತೊಡಗಿದವು. "ತಪ್ಪಾತ ಬೇ ಆಯಿ" ಎಂದೆ. ಗಿರಣಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಆಕೆ ಪೇರಲಹಣ್ಣನ್ನು ಕೈಯಲ್ಲಿ ತಿರುಗಿಸುತ್ತ ಮಾತು ತೆಗೆದಳು.

"ಸತ್ತಾಳ ಅಂದದ್ದಕ್ಕ ಸಿಟ್ಟಿಲ್ಲ ಹುಡುಗಿ, ಒಂದಿನ ಸಾಯಾಕಿನ. ನಾ ಬದುಕೇನಿ ಅಂತ ಹೇಳಾಕ ನಿನಗ ನಾಚಿಕಿ ಆತೇನ?"

ಆಕೆ ಪೇರಲಹಣ್ಣನ್ನು ಒಣಗಲು ಇಟ್ಟಳು. "ಆತು, ಖರೇ ಸುದ್ದಿ ಕಳಸ. ಕಳಸಲಿಲ್ಲ ಅಂದ್ರ ಕಾಗಿ ಹೊಳ್ಳಿ ಬರತೈತಿ" ಎಂದಳು, ಅರ್ಧ ನಗೆಯಲ್ಲಿ.

ಅವತ್ತೇ ಕಳಿಸಬಹುದಿತ್ತು. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲೇ ಬರೆಯಬಹುದಿತ್ತು. ಆದರೆ ಆ ಹಿರಿಯ ಹೆಂಗಸು ಮುಂದಿನ ವರ್ಷ ಮತ್ತೆ ಕರೆಯುವ ಮಾತಾಡಿದ್ದಳು. ಆ ಕರೆ ಬರಲಿ, ಆಮೇಲೆ ಬರೆದರಾಯಿತು ಅಂದುಕೊಂಡೆ. ಕರೆ ಬರಲೇ ಇಲ್ಲ. ಬರುವುದಿಲ್ಲವೆಂದು ಗೊತ್ತಾದ ಮೇಲೆ, ಇನ್ನು ಹೇಳಿ ಮಾಡುವುದೇನು ಅನ್ನಿಸಿತು. ಮನಸ್ಸಿಗೆ ನೆಪಗಳ ಬರಗಾಲ ಎಂದೂ ಇರುವುದಿಲ್ಲ.

ಆಯಿ ಮಾತ್ರ ಮರೆಯಲಿಲ್ಲ. "ಕಳಸಿದೇನ?" ಎಂದು ಕೇಳುವುದು, "ಕಳಸೇನಿ ಬೇ" ಎಂದು ನಾನು ಹೇಳುವುದು. ಮೊದಮೊದಲು ಚೇಷ್ಟೆಗೆ ಕೇಳುತ್ತಿದ್ದಳು. ಪಿಂಚಣಿಯ ಮುದುಕರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ತೋರಿಸಬೇಕಲ್ಲ, ಅದಕ್ಕೆ ಆ ವರ್ಷ ನಾನೇ ಕರೆದುಕೊಂಡು ಹೋಗಿದ್ದೆ. ಅರವತ್ತು ವರ್ಷ ಹಣ್ಣು ಉಜ್ಜಿದ ಬೆರಳು, ಗೆರೆಗಳೇ ಉಳಿದಿರಲಿಲ್ಲ. ಯಂತ್ರ ಹತ್ತು ಸಲ ಒಲ್ಲೆ ಅಂದಿತು. "ನೋಡ, ಇದಕ್ಕೂ ನೀನ ಹೇಳಿಕೊಟ್ಟೀ" ಎಂದು ನನ್ನ ಮುಖ ನೋಡಿ ನಕ್ಕಳು. ಅಲ್ಲಿದ್ದವರಿಗೆ ಅದು ತಿಳಿಯಲಿಲ್ಲ.

ಮರುವಾರ ಒಂದು ಪೇರಲಹಣ್ಣು ಕೊಟ್ಟಳು. ಬಿಳಿಮಣ್ಣು ಹಸಿ ಇದ್ದಾಗಲೇ ತೊಟ್ಟಿನ ಕೆಳಗೆ ಹೆಬ್ಬೆಟ್ಟು ಒತ್ತಿ, ಅದರ ಮೇಲೆ ಬಣ್ಣ ಹಚ್ಚಿದ್ದಳು. ಗೆರೆ ಮೂಡಿರಲಿಲ್ಲ, ನುಣ್ಣನೆಯ ಒಂದು ಕುಳಿ ಮಾತ್ರ ಇತ್ತು. ಬರೇ ಪತ್ರ ಕಳಿಸಿದರೆ ಅವರು ನಂಬುವುದಿಲ್ಲ, ಇದನ್ನೂ ಜೊತೆಗೆ ಕಳಿಸು ಎಂದಳು. ಅದು ಇವತ್ತಿಗೂ ಹುಕ್ಕೇರಿಯ ಈ ಮನೆಯ ಕಪಾಟಿನಲ್ಲಿ, ನನ್ನ ಮದುವೆಯ ಸೀರೆಗಳ ಹಿಂದೆ ಇದೆ.

ಎರಡನೆಯ ವರ್ಷ ಆಯಿಗೆ ದಮ್ಮು ಹತ್ತಿತು. ಬಣ್ಣದ ವಾಸನೆ ಆಗುತ್ತಿರಲಿಲ್ಲ, ಅಟ್ಟ ಇಳಿಸಿ ಕೆಳಗಿನ ಕೋಣೆಯಲ್ಲಿ ಮಲಗಿಸಿದರು. ಆಮೇಲೆ ಆಕೆ ಕೇಳುವ ರೀತಿ ಬದಲಾಯಿತು. ಉಸಿರು ಎಳೆದುಕೊಂಡು, ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳುತ್ತಿದ್ದಳು.

"ಖರೇ ಸುದ್ದಿ ಮುಟ್ಟೇತೇನ ಅವರಿಗೆ? ಉತ್ತರ ಬಂತೇನ?"

ತಾನೇ ಹುಟ್ಟಿಸಿದ ಕಾಗೆಯನ್ನು ಆಕೆ ಈಗ ನಂಬತೊಡಗಿದ್ದಳು. ಬಂದಿದೆ ಎಂದೆ. ಓದು ಎಂದಳು. ಮೊಬೈಲು ತೆಗೆದೆ. ಸಾಲೆಯ ಕ್ರೀಡಾಕೂಟದ ಬಗ್ಗೆ ಇಂಗ್ಲಿಷಿನಲ್ಲಿ ಬಂದಿದ್ದ ಒಂದು ಸುತ್ತೋಲೆ ಎದುರಿಗಿತ್ತು. ಅದರ ಮೇಲೆ ಕಣ್ಣಾಡಿಸುತ್ತ, ನೀವು ಬದುಕಿರುವುದು ತಿಳಿದು ನಮಗೆಲ್ಲ ಬಹಳ ಸಂತೋಷವಾಯಿತು, ಪೇರಲಹಣ್ಣು ಮುಟ್ಟಿತು, ನೂರು ವರ್ಷ ಬಾಳಿರಿ ಎಂದು ಓದಿದೆ. ಆಯಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಇನ್ನೊಮ್ಮೆ ಓದು ಎಂದಳು, ಇನ್ನೊಮ್ಮೆ ಓದಿದೆ. ಎರಡನೆಯ ಸಲ ಅದೇ ಮಾತು ಬಂತೋ ಇಲ್ಲವೋ... ಅಂದು ನನಗೆ ನನ್ನ ಬಗ್ಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಆಮೇಲೆ ಮೂರು ಶನಿವಾರ ನಾನು ಹೋಗಲಿಲ್ಲ. ಪರೀಕ್ಷೆಯ ಕೆಲಸ ಇತ್ತು ಎಂದು ಎಲ್ಲರಿಗೂ ಹೇಳುತ್ತೇನೆ. ಕೆಲಸ ಇದ್ದದ್ದು ಒಂದೇ ಶನಿವಾರ. ನಾಲ್ಕನೆಯ ವಾರ, ಬುಧವಾರ, ಆಕೆಯ ಮಗನ ಫೋನು ಬಂತು. ಗೋಕಾಕ ಮುಟ್ಟುವುದರೊಳಗೆ ಆಯಿಯನ್ನು, ತೀರಿದವರನ್ನು ಕೂಡಿಸುವ ನಮ್ಮ ರೂಢಿಯಂತೆ, ಗಿರಣಿಯ ಮುಂದಿನ ಕಟ್ಟೆಗೆ ತಂದು ಕೂಡಿಸಿದ್ದರು. ಗಲ್ಲದ ಮೇಲೆ ಹಸಿರು ಬಣ್ಣದ ಸಣ್ಣ ಕಲೆಯೊಂದು ಉಳಿದಿತ್ತು. ಕೆಲಸ ಬಿಟ್ಟು ತಿಂಗಳುಗಟ್ಟಲೆ ಆಗಿತ್ತಲ್ಲ, ಬಣ್ಣ ಎಲ್ಲಿಂದ ಬಂತು ಎಂದು ಯಾರನ್ನೂ ಕೇಳಲಿಲ್ಲ. ಸಂಕೇಶ್ವರದ ಸೊಸೆ ಅಳುತ್ತಾ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕೋರ, ಈ ಸುದ್ದಿನೂ ಅವರಿಗೆ ಕಳಸ್ತೀರೇನ್ರಿ?" ಎಂದು ಕೇಳಿದಳು. ಪಾಪದ ಹುಡುಗಿ, ಮನಸ್ಸಿನಿಂದಲೇ ಕೇಳಿದ್ದು.

ಹೋದ ತಿಂಗಳು ನಾರ್ವೆಯಿಂದ ಒಂದು ಪತ್ರ ಬಂತು. ಹಳೆಯ ಪ್ರದರ್ಶನಗಳನ್ನೆಲ್ಲ ಅವರು ತಮ್ಮ ಜಾಲತಾಣದಲ್ಲಿ ಕಾಯಮ್ಮಾಗಿ ಹಾಕುತ್ತಾರಂತೆ. ನಿಮ್ಮ ಅಜ್ಜಿಯ ಚಿತ್ರದ ಕೆಳಗೆ ಹುಟ್ಟಿದ ಇಸವಿ, ತೀರಿಹೋದ ಇಸವಿ ಬೇಕು ಎಂದು ಕೇಳಿದ್ದರು. ಹುಟ್ಟಿದ್ದನ್ನು ಆಧಾರ ಕಾರ್ಡಿನಲ್ಲಿ ಇದ್ದಂತೆ ಬರೆದೆ. ತೀರಿಹೋದ ಇಸವಿ ಬರೆಯುವಾಗ ಕೈ ನಿಂತಿತು. ಘೋಡಗೇರಿಯ ಆಯಿಯ ಇಸವಿ ಹಾಕಿದರೆ ಎಲ್ಲ ಸರಿಹೋಗುತ್ತಿತ್ತು. ಹಾಕಲಿಲ್ಲ. ಗೋಕಾಕಿನ ಆಯಿ ತೀರಿಹೋದ ಖರೇ ಇಸವಿಯನ್ನೇ ಹಾಕಿದೆ. ಅದು ಅವರ ಮೌನದ ನಿಮಿಷಕ್ಕಿಂತ ಎರಡು ವರ್ಷ ಈಚಿನದು. ನೋಡುತ್ತಾರೆ, ಗಾಬರಿಯಾಗುತ್ತಾರೆ, ಕೇಳುತ್ತಾರೆ, ಆಗ ಹೇಳಲೇಬೇಕಾಗುತ್ತದೆ ಎಂದು ಎಣಿಸಿದೆ. ಬೇರೆ ಒಂದು ಮಾತೂ ಬರೆಯದೆ ಬರೇ ಅಂಕಿ ಕಳಿಸಿ, ನಾಲ್ಕು ದಿನ ಎದೆ ಹಿಡಿದುಕೊಂಡು ಕೂತೆ.

ಉತ್ತರ ಬಂತು. ನೀವು ಕೊಟ್ಟ ಇಸವಿ ಪ್ರದರ್ಶನದ ನಂತರದ್ದಾಗಿದೆ, ಬೆರಳು ತಪ್ಪಿ ಬಿದ್ದಿರಬೇಕು. ಪ್ರದರ್ಶನಕ್ಕಿಂತ ಹಿಂದಿನ ವರ್ಷ ಎಂದು ನಾವೇ ತಿದ್ದಿಕೊಂಡಿದ್ದೇವೆ, ಸರಿಯಿಲ್ಲದಿದ್ದರೆ ತಿಳಿಸಿ. ನಿಮ್ಮ ಅಜ್ಜಿಯನ್ನು ನಾವಿಲ್ಲಿ ಇನ್ನೂ ನೆನೆಸುತ್ತೇವೆ.

ಇದಾಗಿ ಇಪ್ಪತ್ತು ದಿನ ಆಯಿತು. ಬರೆಯಬೇಕಾದದ್ದು ಇಷ್ಟೇ: ನಾನು ಕೊಟ್ಟ ಇಸವಿ ಸರಿಯಿದೆ, ನೀವು ಎದ್ದು ನಿಂತು ತಲೆ ತಗ್ಗಿಸಿದಾಗ ಅವರು ಬದುಕಿದ್ದರು, ಅವರು ನನ್ನ ಅಜ್ಜಿ ಅಲ್ಲ, ಗುರು. ಇಂಗ್ಲಿಷಿನಲ್ಲಿ ಎರಡು ಸಾಲು ಸಾಕು. ಅದನ್ನು ಬಿಟ್ಟು ಇಷ್ಟುದ್ದ ಕನ್ನಡದಲ್ಲಿ ಬರೆಯುತ್ತಾ ಕೂತಿದ್ದೇನೆ, ಅವರಿಗೆ ಇದು ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ. ಆಯಿಗಂತೂ ಯಾವ ಭಾಷೆಯೂ ಓದಲು ಬರುತ್ತಿರಲಿಲ್ಲ. ನಾನು ಏನು ಓದಿ ಹೇಳಿದೆನೋ ಅದನ್ನೇ ನಂಬಿಕೊಂಡು ಹೋದಳು.

ಆಯಿ, ಇನ್ನೂ ಕಳಸಿಲ್ಲ ಬೇ.